ನಾಯಿ ಬಿಟ್ಟದ್ದು ಹಂದಿಗೆ, ಓಡಿದ್ದು ಕಡವೆ

ಕೈಲ್‌ಪೊಳ್ದ್ ಎಂಬ ಕೊಡಗಿನ ಆಯುಧಪೂಜೆಯ ಹಬ್ಬದ ದಿನ ಮನೆಯ ಪೂಜಾ ಕೋಣೆಯಾದ ಕನ್ನಿ ಕೊಂಬರೆಯಲ್ಲಿಟ್ಟ ಕೋವಿಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ, ಪೂಜೆ ಮುಗಿಸಿ, ಕಡಂಬಿಟ್ಟು (ಅಕ್ಕಿಯ ಉಂಡೆ), ಪಂದಿಕರಿ (ಹಂದಿಮಾಂಸದ ಸಾರು) ಉಂಡು ಜಗಲಿಗೆ ಬಂದು ಕುಳಿತರೆ ಮಾತು ಬೇಟೆಯ ಕಡೆಗೆ ಹೊರಳದೆ ಇರುವುದಿಲ್ಲ. ಈಗ ಗುಂಡು ಹಾರುವುದು ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ, ಪಂದಿಕರಿಯ ಮಾಂಸ ಬರುವುದು ಪೇಟೆಯ ಅಂಗಡಿಯಿಂದ. ಮಾತಿಗೆ ಮಾತ್ರ ಕಾಡುಹಂದಿಯೇ ಬೇಕು. ಈ ಸಲ ಪಕ್ಕದ ತೋಟದ ಹಿರಿಯರೊಬ್ಬರು ತಮ್ಮ ತಂದೆಯ ಕಾಲದ ನಾಯಿಗಳ ಗುಣಗಾನ ಮಾಡುತ್ತಿದ್ದರು. ಹಳುವಿಗೆ, ಅಂದರೆ ಕಾಡಿನ ಪೊದೆಗಳಿಗೆ, ನಾಯಿ ನುಗ್ಗಿಸಿದರೆ ಕಡವೆ, ಜಿಂಕೆಗಳ ಗತಿ ಏನು ಎಂದು ನಾನು ಕೇಳಿದೆ. "ಅವಕ್ಕೇನಾಗುತ್ತದೆ? ಎರಡು ನಿಮಿಷ ಓಡುತ್ತವೆ, ಆಮೇಲೆ ಮತ್ತೆ ಮೇಯುತ್ತವೆ. ಸೀಳುನಾಯಿಗಳು ದಿನಾ ಅಟ್ಟುವುದಿಲ್ಲವೇ? ಜಿಂಕೆ ಎಂದರೆ ಓಡುವುದಕ್ಕೇ ಹುಟ್ಟಿದ ಪ್ರಾಣಿ" ಎಂದರು.

ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಜಗಲಿಯಲ್ಲಿ ನಾನು ಸುಮ್ಮನಾದೆ, ಹಬ್ಬದ ದಿನ ವಾದ ಬೇಡವೆಂದು. ಉಳಿದ ಅರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ, ಜಿಂಕೆ ಎಂದು ಒಂದೇ ಮಾತಿನಲ್ಲಿ ಮುಗಿಸುವ ಪ್ರಾಣಿಗಳು ಕೊಡಗಿನಲ್ಲಿ ಒಂದಲ್ಲ. ನಾಗರಹೊಳೆಯ ಅಂಚಿನಲ್ಲಿ, ತಿತಿಮತಿ ಕಡೆಯ ರಸ್ತೆಬದಿಯಲ್ಲಿ ಹಿಂಡುಹಿಂಡಾಗಿ ಕಾಣುವುದು ಚುಕ್ಕೆ ಜಿಂಕೆ. ಬ್ರಹ್ಮಗಿರಿ, ಪುಷ್ಪಗಿರಿಯ ಇಳಿಜಾರಿನಲ್ಲಿ ಒಂಟಿಯಾಗಿಯೋ, ತಾಯಿ ಮರಿಯಾಗಿಯೋ ತಿರುಗುವುದು ಕಡವೆ. ನಮ್ಮ ಜಿಂಕೆಗಳಲ್ಲೆಲ್ಲ ದೊಡ್ಡದು. ಕಾಫಿ ತೋಟದ ಒಳಗೇ ಸಂಸಾರ ಹೂಡುವ, ನಾಯಿ ಬೊಗಳಿದಂತೆಯೇ ಕೂಗುವ ಪ್ರಾಣಿ ಕಾಡುಕುರಿ. ಹೆಸರಿನಲ್ಲಿ ಕುರಿ ಇದ್ದರೂ ಅದು ಜಿಂಕೆಯೇ. ಮೊಲಕ್ಕಿಂತ ಸ್ವಲ್ಪ ದೊಡ್ಡದಾದ, ಮಲೆನಾಡಿನವರು ಬರ್ಕ ಎನ್ನುವ ಇಲಿಜಿಂಕೆ ಇನ್ನೊಂದು. ಹೆಸರಿನಲ್ಲಿ ಜಿಂಕೆ ಇದ್ದರೂ ಪ್ರಾಣಿಶಾಸ್ತ್ರದ ಲೆಕ್ಕದಲ್ಲಿ ಅದು ಜಿಂಕೆಯ ಕುಟುಂಬಕ್ಕೆ ಸೇರಿದ್ದಲ್ಲ, ಬೇರೆಯೇ ಒಂದು ಹಳೆಯ ವಂಶದ್ದು.

ಇವು ನಾಲ್ಕೂ ಅಪಾಯವನ್ನು ಎದುರಿಸುವ ರೀತಿ ಬೇರೆ ಬೇರೆ. ಚುಕ್ಕೆ ಜಿಂಕೆಗೆ ಹಿಂಡೇ ಕಾವಲು. ಒಂದು ತಲೆ ಎತ್ತಿ ಕೂಗಿದರೆ ಇಡೀ ಹಿಂಡು ಚದುರಿ ಓಡುತ್ತದೆ. ಕಡವೆ ಮೊದಲು ಕಾಲು ನೆಲಕ್ಕೆ ಅಪ್ಪಳಿಸಿ, ಬಾಲ ಎತ್ತಿ, ಗಂಟಲು ಒಡೆಯುವಂತೆ ಒಮ್ಮೆ ಕೂಗಿ ನಿಲ್ಲುತ್ತದೆ. ಬೆನ್ನು ಬಿಡದಿದ್ದರೆ ಓಡಿ ಹೊಳೆಗೋ ಕೆರೆಗೋ ಇಳಿದು, ಕೊಂಬು ಮುಂದು ಮಾಡಿ ನಿಂತುಬಿಡುತ್ತದೆ. ಕಾಡುಕುರಿ ಪೊದೆಯಿಂದ ಪೊದೆಗೆ ನುಸುಳುತ್ತದೆ. ಬರ್ಕ ಓಡುವುದು ಕಡಿಮೆ. ಕಲ್ಲಾಗಿ ಕುಳಿತು ಕಣ್ಣು ತಪ್ಪಿಸುತ್ತದೆ, ಇಲ್ಲವೇ ಮರದ ಬುಡದ ಪೊಟರೆಗೆ ಸೇರುತ್ತದೆ. ಕಣ್ಣಿನಿಂದ ಹುಡುಕುವ ಶತ್ರುವಿನ ಮುಂದೆ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ನಾಯಿ ಹುಡುಕುವುದು ಮೂಗಿನಿಂದ. ಕಲ್ಲಾಗಿ ಕುಳಿತ ಪ್ರಾಣಿಗೂ ವಾಸನೆ ಇರುತ್ತದೆ.

ಇನ್ನು ಸೀಳುನಾಯಿಯ ವಾದ. ನಾಗರಹೊಳೆ, ಬಂಡೀಪುರದ ಕಾಡುಗಳಲ್ಲಿ ಸೀಳುನಾಯಿಗಳ ಮುಖ್ಯ ಆಹಾರ ಚುಕ್ಕೆ ಜಿಂಕೆ ಮತ್ತು ಕಡವೆಯೇ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ, ಎ. ಜೆ. ಟಿ. ಜಾನ್‌ಸಿಂಗ್ ಬಂಡೀಪುರದಲ್ಲಿ ನಡೆಸಿದ ಅಧ್ಯಯನಗಳು ಇದನ್ನು ವಿವರವಾಗಿ ದಾಖಲಿಸಿವೆ. ಅಂದ ಮೇಲೆ ನಾಯಿಜಾತಿಯ ಪ್ರಾಣಿ ಬೆನ್ನಟ್ಟುವುದು ನಮ್ಮ ಜಿಂಕೆಗಳಿಗೆ ಹೊಸದಲ್ಲ, ಹಿರಿಯರು ಹೇಳಿದ್ದು ಇಲ್ಲಿಗೆ ಸರಿ. ಆದರೆ ಸೀಳುನಾಯಿಯ ಬೇಟೆಯನ್ನು ಗಮನಿಸಿ. ಅವು ಬೊಗಳುವುದಿಲ್ಲ, ಶಿಳ್ಳೆ ಹಾಕಿದಂತೆ ಒಂದಕ್ಕೊಂದು ಕೂಗಿಕೊಳ್ಳುತ್ತವೆ. ಹಿಂಡು ಹತ್ತಿರಕ್ಕೆ ಸರಿದು, ಒಮ್ಮೆಲೇ ನುಗ್ಗಿ, ಬಹುಪಾಲು ಸಲ ಕೆಲವು ನೂರು ಮೀಟರಿನೊಳಗೆ ತೀರ್ಮಾನ ಮುಗಿಸುತ್ತದೆ. ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ಬಿಡುತ್ತದೆ. ದಕ್ಕದ ಬೇಟೆಯ ಹಿಂದೆ ಗಂಟೆಗಟ್ಟಲೆ ಓಡಿದರೆ ಸೀಳುನಾಯಿಗೇ ಹೊಟ್ಟೆ ತುಂಬುವುದಿಲ್ಲ.

ಸಾಕಿದ ಬೇಟೆನಾಯಿಗೆ ಅಂಥ ಲೆಕ್ಕಾಚಾರವಿಲ್ಲ. ಅದರ ಅನ್ನ ಮನೆಯಲ್ಲಿ ಕಾದಿರುತ್ತದೆ. ಬೇಟೆ ದಕ್ಕಲಿ, ಬಿಡಲಿ, ಸಂಜೆ ತಟ್ಟೆಗೆ ಗಂಜಿ ಬೀಳುತ್ತದೆ. ಜೊತೆಗೆ, ಮನುಷ್ಯ ತಲೆಮಾರುಗಳ ಕಾಲ ಆರಿಸಿ ಬೆಳೆಸಿದ್ದು ವಾಸನೆ ಬಿಡದ, ದಣಿಯದ, ಓಡುತ್ತಲೇ ಗಟ್ಟಿಯಾಗಿ ಕೂಗುವ ನಾಯಿಯನ್ನು. ಕಾಡಿನಲ್ಲಿ ಬೇಟೆ ಎತ್ತ ಹೋಯಿತೆಂದು ಕೋವಿ ಹಿಡಿದವನಿಗೆ ತಿಳಿಯಬೇಕಲ್ಲ. ಜಿಂಕೆಯ ಮೈ ಗಿಡ್ಡ ಓಟಕ್ಕೆ ಹೇಳಿ ಮಾಡಿಸಿದ್ದು. ಬೇಟೆನಾಯಿ ಅದನ್ನು ಉದ್ದ ಓಟಕ್ಕೆ ಎಳೆಯುತ್ತದೆ.

ಉದ್ದ ಓಟದಲ್ಲಿ ಮೈಯೊಳಗೆ ಏನಾಗುತ್ತದೆ ಎಂಬುದನ್ನು ಅತಿ ಸೂಕ್ಷ್ಮವಾಗಿ ಅಳೆದದ್ದು ಇಂಗ್ಲೆಂಡಿನಲ್ಲಿ. ಅಲ್ಲಿ ಕೆಂಜಿಂಕೆಗಳನ್ನು (ರೆಡ್ ಡೀರ್) ಬೇಟೆನಾಯಿಗಳ ದಂಡಿನಿಂದ ಅಟ್ಟಿಸಿ, ಅವು ಸೋತು ನಿಂತಾಗ ಗುಂಡಿಕ್ಕುವ ಪದ್ಧತಿ ಇತ್ತು. ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ತನ್ನ ಜಮೀನಿನಲ್ಲಿ ಇದಕ್ಕೆ ಅವಕಾಶ ಕೊಡಬೇಕೇ ಬೇಡವೇ ಎಂದು ತಿಳಿಯಲು ಕೇಂಬ್ರಿಜ್‌ನ ಜೀವಶಾಸ್ತ್ರಜ್ಞ ಪ್ಯಾಟ್ರಿಕ್ ಬೇಟ್ಸನ್ ಅವರಿಗೆ ಅಧ್ಯಯನ ವಹಿಸಿತು. ನಾಯಿ ಅಟ್ಟಿ ಕೊಂದ ಜಿಂಕೆಗಳ ರಕ್ತವನ್ನೂ, ಅಟ್ಟದೆ ಒಂದೇ ಗುಂಡಿಗೆ ಬಿದ್ದ ಜಿಂಕೆಗಳ ರಕ್ತವನ್ನೂ ಅವರು ಹೋಲಿಸಿದರು. ವರದಿ ಬಂದದ್ದು 1997ರಲ್ಲಿ. ಒಂದು ಅಟ್ಟುವಿಕೆ ಸರಾಸರಿ ಮೂರು ಗಂಟೆ, ಸುಮಾರು 19 ಕಿಲೋಮೀಟರು. ವಿರಾಜಪೇಟೆಯಿಂದ ಗೋಣಿಕೊಪ್ಪಲಿಗೆ ಹೆಚ್ಚು ಕಡಿಮೆ ಅಷ್ಟೇ ದೂರ. ಅದನ್ನು ಬೆನ್ನ ಹಿಂದೆ ನಾಯಿ ಇಟ್ಟುಕೊಂಡು ಓಡಬೇಕು. ಅಟ್ಟಿಸಿಕೊಂಡ ಜಿಂಕೆಗಳ ಸ್ನಾಯುಗಳಲ್ಲಿ ಶಕ್ತಿಗಾಗಿ ಕೂಡಿಟ್ಟ ಸಕ್ಕರೆಯ ದಾಸ್ತಾನು, ಅಂದರೆ ಗ್ಲೈಕೊಜೆನ್, ಬರಿದಾಗಿತ್ತು. ಒತ್ತಡದ ಹಾರ್ಮೋನ್ ಕಾರ್ಟಿಸೋಲ್ ಬಹಳ ಏರಿತ್ತು. ಕೆಂಪು ರಕ್ತಕಣಗಳು ಒಡೆದಿದ್ದವು, ಸ್ನಾಯುಗಳು ಹಾಳಾದ ಕುರುಹುಗಳಿದ್ದವು. ಅದೇ ವರ್ಷ ಟ್ರಸ್ಟ್ ತನ್ನ ಜಮೀನಿನಲ್ಲಿ ಈ ಬೇಟೆಯನ್ನು ನಿಲ್ಲಿಸಿತು.

ಬೇಟೆಯ ಪರವಾಗಿದ್ದವರು ಸುಮ್ಮನೆ ಒಪ್ಪಲಿಲ್ಲ. ಬೇರೆ ವಿಜ್ಞಾನಿಗಳು ಮತ್ತೆ ಅಳೆದರು, ವಾದ ಬೆಳೆಯಿತು. 2000ದಲ್ಲಿ, ಅಲ್ಲಿನ ಸರ್ಕಾರ ನೇಮಿಸಿದ್ದ ಬರ್ನ್ಸ್ ವಿಚಾರಣಾ ಸಮಿತಿ ಎರಡೂ ಕಡೆಯವರನ್ನು ಕೇಳಿ ಹೇಳಿದ್ದು ಇಷ್ಟು: ಓಟದ ಕೊನೆಯ ಘಟ್ಟದಲ್ಲಿ ಜಿಂಕೆ ನರಳುತ್ತದೆ ಎಂಬುದನ್ನು ಹೆಚ್ಚಿನ ವಿಜ್ಞಾನಿಗಳು ಒಪ್ಪುತ್ತಾರೆ, ಆ ನರಳಾಟ ಓಟದ ಯಾವ ಹಂತದಲ್ಲಿ ಶುರುವಾಗುತ್ತದೆ ಎಂಬುದರಲ್ಲಿ ಮಾತ್ರ ಒಮ್ಮತವಿಲ್ಲ. ನನಗೆ ಈ ಜಗಳವೇ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಎದುರಾಳಿಗಳು ಕೂಡ ಕೊನೆಯ ಘಟ್ಟದ ಬಗ್ಗೆ ತಕರಾರು ತೆಗೆಯಲಿಲ್ಲ. 2004ರ ಕಾಯ್ದೆಯಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನಾಯಿಗಳ ದಂಡಿನ ಬೇಟೆ ನಿಷೇಧವಾಯಿತು.

ಕೆಂಜಿಂಕೆಯ ಲೆಕ್ಕವನ್ನು ಕಡವೆಗೆ ಹಾಗೆಯೇ ಅಂಟಿಸಲಾಗದು, ನಿಜ. ಅಲ್ಲಿನ ಬಯಲು ದಿಬ್ಬ ಬೇರೆ, ನಮ್ಮ ಮಳೆಕಾಡು ಬೇರೆ. ಆದರೆ ಕಡವೆಯನ್ನೇ ಹೀಗೆ ಅಟ್ಟಿಸಿದ ದಾಖಲೆಯೂ ಇದೆ. ಹತ್ತೊಂಬತ್ತನೆಯ ಶತಮಾನದ ನಡುವೆ ಸಿಂಹಳದ ನುವರ ಎಲಿಯದಲ್ಲಿ ನೆಲೆಸಿದ್ದ ಸ್ಯಾಮ್ಯುಯೆಲ್ ಬೇಕರ್ ಎಂಬ ಆಂಗ್ಲ ಬೇಟೆಗಾರ ಅಲ್ಲಿನ ಕಡವೆಗಳ ಮೇಲೆ ನಾಯಿಗಳ ದಂಡು ಬಿಡುತ್ತಿದ್ದ. ಅವುಗಳನ್ನು ಅಲ್ಲಿನ ಆಂಗ್ಲರ ರೂಢಿಯಂತೆ ಎಲ್ಕ್ ಎಂಬ ತಪ್ಪು ಹೆಸರಿನಿಂದ ಕರೆಯುತ್ತಿದ್ದನಾದರೂ ಪ್ರಾಣಿ ನಮ್ಮ ಕಡವೆಯೇ. ಅವನ ಬರಹದಲ್ಲಿ ಮತ್ತೆ ಮತ್ತೆ ಬರುವ ಚಿತ್ರ ಒಂದೇ: ಬೆಟ್ಟ ಹತ್ತಿ ಇಳಿದು ದಣಿದ ಕಡವೆ ಕೊನೆಗೆ ಹೊಳೆಗೆ ಬಿದ್ದು, ಬಂಡೆಗೆ ಬೆನ್ನು ಕೊಟ್ಟು, ನಾಯಿಗಳಿಗೆ ಎದುರಾಗಿ ನಿಲ್ಲುವುದು. ಸೀಳುನಾಯಿಗೂ ಕಡವೆ ಹೀಗೆಯೇ ನಿಲ್ಲುತ್ತದೆ. ಕಾಲಿಗೆ ಸಿಗದ ಆಳದ ನೀರಿನಲ್ಲಿ ನಾಯಿ ಈಜಬೇಕು, ಎತ್ತರದ ಕಡವೆ ನಿಲ್ಲಬಲ್ಲದು. ದಡದಲ್ಲಿ ಕತ್ತಿಯೋ ಕೋವಿಯೋ ಹಿಡಿದ ಮನುಷ್ಯ ನಿಂತಿದ್ದರೆ ಮಾತ್ರ ಈ ಹಳೆಯ ಉಪಾಯವೇ ಉರುಳಾಗುತ್ತದೆ.

ಹಿರಿಯರ ವಾದಕ್ಕೆ ಕಾಣದ ಇನ್ನೊಂದು ಸಂಗತಿ ಇದೆ: ತಪ್ಪಿಸಿಕೊಂಡ ಜಿಂಕೆಯೂ ಸಾಯಬಹುದು. ಮಿತಿ ಮೀರಿ ಓಡಿದ, ಹೆದರಿದ ಪ್ರಾಣಿಯ ಸ್ನಾಯುಗಳು ಒಳಗೇ ಒಡೆಯತೊಡಗುತ್ತವೆ. ಮೈ ಕಾವು ಏರುತ್ತದೆ, ರಕ್ತದಲ್ಲಿ ಆಮ್ಲ ಹೆಚ್ಚುತ್ತದೆ. ಒಡೆದ ಸ್ನಾಯುವಿನಿಂದ ಹೊರಬಿದ್ದ ಮಯೊಗ್ಲೋಬಿನ್ ಎಂಬ ವಸ್ತು ಮೂತ್ರಪಿಂಡವನ್ನು ಕೆಡಿಸುತ್ತದೆ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಪಶುವೈದ್ಯರು ಇದನ್ನು ಕ್ಯಾಪ್ಚರ್ ಮಯೋಪತಿ ಎನ್ನುತ್ತಾರೆ, ಏಕೆಂದರೆ ಕಾಡುಪ್ರಾಣಿಗಳನ್ನು ಹಿಡಿದು ಸಾಗಿಸುವಾಗ ಮೊದಲು ಕಣ್ಣಿಗೆ ಬಿದ್ದದ್ದು ಇದೇ ತೊಂದರೆ. ಜಿಂಕೆಯ ಜಾತಿಗಳು ಇದಕ್ಕೆ ಸುಲಭವಾಗಿ ಬಲಿಯಾಗುತ್ತವೆ. ಸಾವು ಕೆಲವು ಗಂಟೆಗಳಲ್ಲಿ ಬರಬಹುದು, ಕೆಲವು ದಿನಗಳ ಮೇಲೂ ಬರಬಹುದು. ಮೈಮೇಲೆ ಒಂದು ಗೀರೂ ಇಲ್ಲದೆ ತೋಡಿನ ಪಕ್ಕ ಸತ್ತು ಬಿದ್ದ ಕಾಡುಕುರಿಯನ್ನು ಕಂಡವರು ಹಾವು ಕಚ್ಚಿರಬೇಕು ಎಂದು ಮುಂದೆ ಹೋಗುತ್ತಾರೆ. ಎರಡು ದಿನದ ಹಿಂದೆ ಬಾಣೆಯ (ಗದ್ದೆಗೆ ಸೇರಿದ ಹುಲ್ಲು, ಮರಗಳ ಜಮೀನು) ಆಚೆ ನಾಯಿ ಕೂಗಿದ್ದನ್ನು ಯಾರೂ ಇದಕ್ಕೆ ಜೋಡಿಸುವುದಿಲ್ಲ.

ಮರಿಗಳ ವಿಷಯ ಬೇರೆಯೇ. ಹುಟ್ಟಿದ ಮೊದಲ ದಿನಗಳಲ್ಲಿ ಜಿಂಕೆಮರಿ ತಾಯಿಯ ಹಿಂದೆ ಓಡುವುದಿಲ್ಲ. ತಾಯಿ ಅದನ್ನು ಹುಲ್ಲು ಪೊದೆಯಲ್ಲಿ ಮಲಗಿಸಿ, ದೂರ ಮೇಯಲು ಹೋಗಿ, ಹಾಲೂಡಲು ಮಾತ್ರ ಬರುತ್ತದೆ. ಮರಿ ಅಲುಗದೆ ಮಲಗಿರುತ್ತದೆ. ಈ ಏರ್ಪಾಡು ನಿಂತಿರುವುದು ತಾಯಿ ಹೊತ್ತಿಗೆ ಸರಿಯಾಗಿ ಮರಳುವುದರ ಮೇಲೆ. ನಾಯಿಗಳು ತಾಯಿಯನ್ನು ಎರಡು ಗುಡ್ಡದಾಚೆ ಓಡಿಸಿದರೆ ಮರಿ ಅಷ್ಟು ಹೊತ್ತು ಹಸಿದಿರುತ್ತದೆ. ಕೂಗಿದರೆ ಚಿರತೆಗೋ ನರಿಗೋ ಸುಳಿವು ಕೊಟ್ಟಂತೆ. ಚುಕ್ಕೆ ಜಿಂಕೆ ವರ್ಷದ ಯಾವ ತಿಂಗಳಲ್ಲಾದರೂ ಮರಿ ಹಾಕಬಲ್ಲದು. ಹಾಗಾಗಿ ಮರಿಗೆ ಅಪಾಯವಿಲ್ಲದ ತಿಂಗಳು ನೋಡಿ ನಾಯಿ ಬಿಡುತ್ತೇವೆ ಎನ್ನಲು ನಮ್ಮ ಕಾಡಿನಲ್ಲಿ ಆಗುವುದಿಲ್ಲ. ಗಂಡುಗಳಿಗೂ ಒಂದು ಸೂಕ್ಷ್ಮ ಕಾಲವಿದೆ. ಕೊಂಬು ಉದುರಿ ಹೊಸದು ಬೆಳೆಯುವಾಗ ಅದರ ಮೇಲೆ ರಕ್ತ ಹರಿಯುವ ಮೆತ್ತನೆಯ ರೋಮದ ಹೊದಿಕೆ ಇರುತ್ತದೆ. ಆಗ ಲಂಟಾನ ಪೊದೆಯೊಳಗೆ ತಲೆ ತಗ್ಗಿಸಿ ನುಗ್ಗುವುದೆಂದರೆ ಹಸಿ ಗಾಯದ ಮೇಲೆ ಮುಳ್ಳು ಎಳೆದುಕೊಂಡಂತೆ.

ಈಗ ಆ ಸುತ್ತಿನ ಉಳಿದ ಜಿಂಕೆಗಳನ್ನು ನೋಡೋಣ. ನಾಯಿ ಅಟ್ಟಿದ್ದು ಒಂದು ಹಂದಿಯನ್ನು, ಅಥವಾ ಒಂದು ಕಡವೆಯನ್ನು. ಕೂಗು ಕೇಳಿಸಿದ್ದು ಇಡೀ ಕಣಿವೆಗೆ. ಅವು ನೆಲೆ ಬಿಟ್ಟು ಹೋಗಿಯೇ ಬಿಡುತ್ತವೆಯೇ? ಹಿರಿಯರ ಅರ್ಧಸತ್ಯ ಇಲ್ಲಿ ಮತ್ತೆ ತಲೆ ಎತ್ತುತ್ತದೆ. ಅಮೆರಿಕದ ಆಗ್ನೇಯ ಭಾಗದಲ್ಲಿ ಬಿಳಿಬಾಲದ ಜಿಂಕೆಗಳ ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ, ಬೇಕೆಂದೇ ನಾಯಿ ಬಿಟ್ಟು ನೋಡಿದ ಅಧ್ಯಯನವೊಂದು 1971ರಲ್ಲಿ ಪ್ರಕಟವಾಯಿತು. ತಮ್ಮ ನೆಲೆಯಿಂದ ಹೊರಗೆ ಓಡಿದ ಜಿಂಕೆಗಳು ಸಾಮಾನ್ಯವಾಗಿ ಒಂದು ದಿನದೊಳಗೆ ಮರಳಿದ್ದವು. ಡೆನ್ಮಾರ್ಕಿನಲ್ಲಿ ಕೆಂಜಿಂಕೆಗಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ಗಮನಿಸಿದಾಗ, ಹಳು ಸೋವುವ, ಅಂದರೆ ಪ್ರಾಣಿಗಳನ್ನು ಎಬ್ಬಿಸಿ ಹೊರಗೆ ಓಡಿಸುವ, ದೊಡ್ಡ ಬೇಟೆಯ ನಂತರ ಕೆಲವು ಹೆಣ್ಣುಗಳು ದಿನಗಟ್ಟಲೆ ಹೊರಗೇ ಉಳಿದವು. ಎರಡನ್ನೂ ಜೊತೆಗಿಟ್ಟು ಓದಿದರೆ ಒಂದು ಅಂಶ ಹೊರಬೀಳುತ್ತದೆ. ವರ್ಷಕ್ಕೊಮ್ಮೆ ಬಿದ್ದ ಬೆದರಿಕೆಯನ್ನು ಜಿಂಕೆ ಅರಗಿಸಿಕೊಳ್ಳುತ್ತದೆ. ವಾರಕ್ಕೊಮ್ಮೆ, ದಿನಕ್ಕೊಮ್ಮೆ ಬಿದ್ದರೆ ಅದರ ದಿನಚರಿಯೇ ಬದಲಾಗುತ್ತದೆ.

ದಿನಚರಿ ಬದಲಾಗುವುದೆಂದರೆ ಏನು ನಷ್ಟ ಎಂದು ಕೇಳಬಹುದು. ಜಿಂಕೆ ಮೆಲುಕು ಹಾಕುವ ಪ್ರಾಣಿ. ಬೇಗ ಬೇಗ ತಿಂದು ತುಂಬಿಸಿಕೊಂಡದ್ದನ್ನು ನೆರಳಿನಲ್ಲಿ ಮಲಗಿ, ನಿರಾತಂಕವಾಗಿ ಮತ್ತೆ ಅಗಿಯಬೇಕು. ಆ ಬಿಡುವು ಇಲ್ಲದಿದ್ದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ನಾಯಿಯ ಸದ್ದಿರುವ ಕಡೆ ಜಿಂಕೆ ತಲೆ ತಗ್ಗಿಸಿ ಮೇಯುವುದಕ್ಕಿಂತ ತಲೆ ಎತ್ತಿ ನೋಡುವುದರಲ್ಲೇ ಹೊತ್ತು ಕಳೆಯುತ್ತದೆ. ಒಳ್ಳೆಯ ಹುಲ್ಲಿರುವ ಹಡ್ಲು (ಜೌಗು ಬಯಲು) ಬಿಟ್ಟು ಕಳಪೆ ಮೇವಿನ ಪೊದೆಗೆ ಸರಿಯುತ್ತದೆ. ಹಗಲು ಬಿಟ್ಟು ರಾತ್ರಿಗೆ ಹೊರಳುತ್ತದೆ. ಸೊರಗಿದ ಹೆಣ್ಣಿಗೆ ಗರ್ಭ ನಿಲ್ಲುವುದೂ ಕಷ್ಟ, ನಿಂತರೆ ಮರಿಗೆ ಹಾಲು ಸಾಲುವುದೂ ಕಷ್ಟ. ಸತ್ತ ಜಿಂಕೆಗಳನ್ನು ಮಾತ್ರ ಎಣಿಸುವವರಿಗೆ ಈ ಸೋರಿಕೆ ಲೆಕ್ಕಕ್ಕೇ ಸಿಗುವುದಿಲ್ಲ.

ಕೊಡಗಿನಲ್ಲಿ ಇದಕ್ಕೆ ನೆಲದ ತೊಡಕೂ ಸೇರಿಕೊಳ್ಳುತ್ತದೆ. ಹಿರಿಯರ ತಂದೆಯ ಕಾಲದಲ್ಲಿ ಅಟ್ಟಿಸಿಕೊಂಡ ಕಡವೆಗೆ ತೋಟದಾಚೆ ಬಾಣೆ, ಬಾಣೆಯಾಚೆ ಕಾಡು. ಈಗ ಕಾಡಿನ ಅಂಚಿಗೆ ಆನೆ ಕಂದಕ, ರೈಲು ಕಂಬಿಯ ತಡೆ, ಸೋಲಾರ್ ಬೇಲಿ. ತೋಟಕ್ಕೊಂದು ಮುಳ್ಳುತಂತಿ, ನಡುವೆ ಟಾರು ರಸ್ತೆ, ಅದರ ಮೇಲೆ ವಾರಾಂತ್ಯದ ಪ್ರವಾಸಿಗರ ಕಾರು. ಬೆದರಿದ ಜಿಂಕೆ ದಾರಿ ಆರಿಸುವುದಿಲ್ಲ. ನೀರಾವರಿಗೆ ತೋಡಿದ, ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಕ್ಕೆ ಕಡವೆ ತನ್ನ ರೂಢಿಯಂತೆ ಇಳಿದರೆ ಹತ್ತಿ ಬರಲು ಗೊರಸಿಗೆ ಹಿಡಿತವೇ ಸಿಗುವುದಿಲ್ಲ. ಹೊಳೆಯಲ್ಲಿ ಜೀವ ಉಳಿಸುತ್ತಿದ್ದ ಬುದ್ಧಿ ಅಲ್ಲಿ ಮುಳುಗಿಸುತ್ತದೆ.

ಉಳಿದಿರುವ ಆಸರೆ ಎಂದರೆ ದೇವರಕಾಡು. ಜಿಲ್ಲೆಯಲ್ಲಿ ಸಾವಿರಕ್ಕೂ ಹೆಚ್ಚು ಇವೆ, ಹಲವು ಒಂದೆರಡು ಎಕರೆಯವು. ಅಯ್ಯಪ್ಪನ ದೇವರಕಾಡುಗಳಲ್ಲಿ ಹರಕೆಗೆ ಒಪ್ಪಿಸಿದ ಮಣ್ಣಿನ ನಾಯಿಗಳ ಸಾಲು ನೋಡಿರುವವರಿಗೆ ಗೊತ್ತು, ಬೇಟೆಯ ದೇವರಿಗೆ ನಾಯಿಯೆಂದರೆ ಎಷ್ಟು ಪ್ರೀತಿ ಎಂದು. ಆ ಕಾಡಿನೊಳಗೆ ಮಾತ್ರ ಕೊಡಲಿ, ಕೋವಿ ಎರಡಕ್ಕೂ ಕಟ್ಟು. ಬೇಟೆಯನ್ನು ಪ್ರೀತಿಸಿದ ಜನವೇ ಬೇಟೆಯಾಡದ ತುಂಡುಗಳನ್ನು ಊರೂರಿಗೆ ಬಿಟ್ಟರು. ಅಟ್ಟಿಸಿಕೊಂಡ ಪ್ರಾಣಿಗೆ ದಣಿವಾರಿಸಿಕೊಳ್ಳುವ ಜಾಗ ಹತ್ತಿರದಲ್ಲಿದ್ದರೆ ಪೆಟ್ಟು ಕಡಿಮೆ ಎಂಬುದನ್ನು ಇಂದಿನ ವನ್ಯಜೀವಿ ಶಾಸ್ತ್ರವೂ ಹೇಳುತ್ತದೆ. ಮಣ್ಣಿನ ನಾಯಿಗಳು ಅಲ್ಲೇ ಕುಳಿತಿರುತ್ತವೆ, ಯಾರನ್ನೂ ಅಟ್ಟುವುದಿಲ್ಲ.

ಜೀವಂತ ನಾಯಿಗಳ ಕಥೆ ಹಾಗಿಲ್ಲ. ಕೋವಿ ಹಿಡಿದು ಹೋಗುವ ಬೇಟೆ ಕಡಿಮೆಯಾಗಿದೆ ಎಂದ ಮಾತ್ರಕ್ಕೆ ಅಟ್ಟುವುದು ನಿಂತಿಲ್ಲ. ತೋಟದ ಕಾವಲಿಗೆಂದು ಸಾಕಿ ರಾತ್ರಿ ಬಿಚ್ಚಿಬಿಡುವ ನಾಯಿಗಳು, ಲೈನ್ ಮನೆಯವರು (ತೋಟದ ಸಾಲುಮನೆಯ ಕೂಲಿಕಾರರು) ಬಿಟ್ಟುಹೋದ ನಾಯಿಗಳು, ಹೋಮ್‌ಸ್ಟೇಗಳ ಎಂಜಲು ತಿಂದು ಬೆಳೆದ ನಾಯಿಗಳು ನಾಲ್ಕೈದು ಸೇರಿದರೆ ಒಂದು ದಂಡಾಯಿತು. ಅವುಗಳನ್ನು ಕರೆದು ನಿಲ್ಲಿಸುವ ಯಜಮಾನನೂ ಇಲ್ಲ. ಬೇಟೆಗಾರನಾದರೂ ವಾರದಲ್ಲಿ ಒಂದು ದಿನ ಹೋಗುತ್ತಿದ್ದ. ಈ ದಂಡಿಗೆ ಏಳು ದಿನವೂ ಬೇಟೆಯ ದಿನ. ನಮ್ಮ ಮನೆಯ ನಾಯಿಯೇ ಒಂದು ಬೆಳಗ್ಗೆ ಮೂತಿಗೆ ಕಂದು ರೋಮ ಅಂಟಿಸಿಕೊಂಡು ಬಂದು ಅಂಗಳದಲ್ಲಿ ಬಾಲ ಅಲ್ಲಾಡಿಸಿತು. ಅಂದಿನಿಂದ ಅದಕ್ಕೆ ರಾತ್ರಿ ಸರಪಳಿ. ಇಂಥ ನಾಯಿಗಳು ರೋಗವನ್ನೂ ಹೊತ್ತು ತಿರುಗುತ್ತವೆ. ರೇಬೀಸ್ ಜಿಂಕೆಯೂ ಸೇರಿದಂತೆ ಎಲ್ಲ ಸಸ್ತನಿಗಳಿಗೂ ತಗುಲಬಲ್ಲದು. ಡಿಸ್ಟೆಂಪರ್ ಜಿಂಕೆಗೆ ಬಾರದಿದ್ದರೂ ಸೀಳುನಾಯಿಯ ಹಿಂಡಿಗೆ ಹಬ್ಬಬಹುದು. ನಾಯಿಯ ಮಲದಿಂದ ಮೇವಿಗೆ ಸೇರುವ ನಿಯೊಸ್ಪೊರ ಎಂಬ ಸೂಕ್ಷ್ಮಜೀವಿ ಹಸುಗಳಲ್ಲಿ ಗರ್ಭಪಾತಕ್ಕೆ ಕಾರಣವಾಗುತ್ತದೆ, ಜಿಂಕೆಗಳಿಗೂ ಸೋಂಕುತ್ತದೆ.

ಗದ್ದೆ ಮಾಡುವವರು ಇಲ್ಲಿಗೆ ಓದಿ ಸಿಟ್ಟಾಗಿರಬಹುದು. ನಾಗರಹೊಳೆಯ ಅಂಚಿನ ಊರುಗಳಲ್ಲಿ ಜಿಂಕೆ ಬಂದು ಪೈರು ಮೇಯುತ್ತದೆ, ಹಂದಿ ಬಂದು ಗದ್ದೆಯನ್ನೇ ಅಗೆಯುತ್ತದೆ. ನಾಯಿ ಅಟ್ಟಿದರೆ ತಪ್ಪೇನು ಎಂಬ ಪ್ರಶ್ನೆಯನ್ನು ಪೇಟೆಯಲ್ಲಿ ಕುಳಿತು ತಳ್ಳಿಹಾಕುವುದು ಸುಲಭ. ಗದ್ದೆಯ ಬದುವಿನಲ್ಲಿ ಕಟ್ಟಿದ ನಾಯಿ ಬೊಗಳಿ ಜಿಂಕೆಯನ್ನು ಹಿಂದಕ್ಕೆ ಕಳಿಸುವುದಕ್ಕೂ, ಬಿಚ್ಚಿದ ನಾಯಿ ಕಾಡಿನೊಳಕ್ಕೆ ಕಿಲೋಮೀಟರುಗಟ್ಟಲೆ ಅಟ್ಟುವುದಕ್ಕೂ ಬಹಳ ಅಂತರವಿದೆ. ಮೊದಲನೆಯದು ಬೆಳೆ ಕಾಯುತ್ತದೆ. ಎರಡನೆಯದರಿಂದ ಹಿಂಡು ಒಡೆದು, ರಾತ್ರಿಯ ಹೊತ್ತು, ನೆರೆಯವನ ಗದ್ದೆಗೆ ಇಳಿಯುತ್ತದೆ.

ಕಾನೂನಿನ ಮಾತು ಚಿಕ್ಕದು, ಆದರೆ ತಿಳಿದವರು ಕಡಿಮೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ವಂಶಪಾರಂಪರ್ಯವಾಗಿ ಬಂದ ಜಮೀನು ಉಳ್ಳವರು) ಬ್ರಿಟಿಷರ ಕಾಲದಿಂದ ಬಂದಿರುವ ವಿನಾಯಿತಿ, 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದ್ದು, ಕೋವಿಯ ಪರವಾನಗಿಗೆ ಸಂಬಂಧಿಸಿದ್ದು. ಬೇಟೆಗೂ ಅದಕ್ಕೂ ಸಂಬಂಧವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬ ಪದದ ವ್ಯಾಖ್ಯೆ ಕೊಲ್ಲುವುದಕ್ಕೆ ನಿಲ್ಲುವುದಿಲ್ಲ. ಹಿಡಿಯುವುದು, ಉರುಳು ಒಡ್ಡುವುದು, ನಾಯಿ ಬಿಟ್ಟು ಅಟ್ಟಿಸುವುದು, ಸೋವುವುದು, ಇವುಗಳಿಗೆ ಪ್ರಯತ್ನಿಸುವುದು ಎಲ್ಲವೂ ಬೇಟೆಯೇ. ಗುಂಡು ಹಾರದಿದ್ದರೂ, ಒಂದು ಹನಿ ರಕ್ತ ಬೀಳದಿದ್ದರೂ ಅಪರಾಧ ಆಗಿರುತ್ತದೆ. ಕಾಯ್ದೆ ಬರೆದವರಿಗೆ ಮಯೊಗ್ಲೋಬಿನ್ ಗೊತ್ತಿತ್ತೋ ಇಲ್ಲವೋ, ಓಡಿಸುವುದೂ ಒಂದು ಪೆಟ್ಟು ಎಂಬುದು ಗೊತ್ತಿತ್ತು.

ಅಟ್ಟಿಸಿಕೊಂಡ ಜಿಂಕೆ ನಿಮ್ಮ ಕಾಫಿ ಕಣಕ್ಕೋ ಕೊಟ್ಟಿಗೆಗೋ ನುಗ್ಗಿದರೆ ಮೊದಲು ನಾಯಿಗಳನ್ನು ಒಳಗೆ ಕೂಡಿ. ಮಕ್ಕಳನ್ನೂ ಮೊಬೈಲುಗಳನ್ನೂ ದೂರ ಇಡಿ. ನೀರು ಕುಡಿಸಲು, ಮೈ ಸವರಲು ಹೋಗಬೇಡಿ. ನಮಗೆ ಅದು ಸಮಾಧಾನ, ಅದಕ್ಕೆ ಮತ್ತೊಬ್ಬ ಶತ್ರು ಮುಟ್ಟಿದಂತೆ. ಗಾಯವಾಗಿದ್ದರೆ, ಏಳಲಾರದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ, ಅವರು ಬರುವವರೆಗೆ ಆ ಕಡೆ ಯಾರೂ ಸುಳಿಯದಂತೆ ನೋಡಿಕೊಳ್ಳಿ. ಕಾಲ ಮೇಲೆ ನಿಂತಿದ್ದರೆ ಕಾಡಿನ ಕಡೆಯ ಗೇಟು ತೆರೆದಿಟ್ಟು, ಅಂಗಳದ ದೀಪ ಆರಿಸಿ ಒಳಗೆ ಹೋಗಿ. ಕಡವೆ ಬಹಳ ಹೊತ್ತು ಅಲುಗದೆ ನಿಂತಿರುತ್ತದೆ. ಆಮೇಲೆ ಒಂದು ಕಿವಿ ತಿರುಗಿಸುತ್ತದೆ, ಇನ್ನೊಂದನ್ನು ತಿರುಗಿಸುತ್ತದೆ, ಸದ್ದಿಲ್ಲವೆಂದು ಖಾತ್ರಿಯಾದ ಮೇಲೆ ನಡೆದುಕೊಂಡೇ ಹೋಗುತ್ತದೆ.